ಅಡಿಕೆ ಮಂಡಿಗೆ ಬಂದ ಸರ್ವರ್: ಅರ್ಥಿಂಗ್‌ನಿಂದ ಬ್ಯಾಕಪ್‌ವರೆಗೆ ಒಂದು ಪ್ರಕರಣ ಅಧ್ಯಯನ

ಸಾಗರ ಪೇಟೆಯ ಅಡಿಕೆ ಮಂಡಿಯೊಂದರಲ್ಲಿ ಭರಣಿ ಮಳೆಯ ಸಿಡಿಲಿಗೆ ಕಂಪ್ಯೂಟರ್ ವ್ಯವಸ್ಥೆಯೆಲ್ಲ ಒಂದೇ ಸಂಜೆಯಲ್ಲಿ ಕೆಟ್ಟು ನಿಂತಿತು. ಬೆಳೆಗಾರರ ಖಾತೆ, ಕೊಟ್ಟ ಮುಂಗಡ, ತೂಕದ ಪಟ್ಟಿ, ಜಿಎಸ್‌ಟಿ ಬಿಲ್ಲು ಎಲ್ಲವೂ ಕಚೇರಿಯಲ್ಲಿದ್ದ ಒಂದು ಸಾಧಾರಣ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿದ್ದವು. ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯ ಕಡತಗಳನ್ನು ಉಳಿದ ಕಂಪ್ಯೂಟರುಗಳಿಗೆ ಹಂಚುತ್ತಿದ್ದುದರಿಂದ ಅದನ್ನೇ ಅಲ್ಲಿಯವರು ಸರ್ವರ್ ಎಂದು ಕರೆಯುತ್ತಿದ್ದರು. ಅದರ ಜಾಗಕ್ಕೆ ನಿಜವಾದ ಸರ್ವರ್ ಕೂರಿಸಿ, ಮೃಗಶಿರ ಮಳೆ ಹಿಡಿಯುವುದರೊಳಗೆ ವ್ಯವಹಾರ ಮೊದಲಿನಂತೆ ನಡೆಯುವ ಹಾಗೆ ಮಾಡಿಕೊಡಬೇಕೆಂದು ಯಜಮಾನರು ನಮ್ಮನ್ನು ಕರೆಸಿದರು. ಆ ಕೆಲಸ ಹೇಗೆ ನಡೆಯಿತು, ಯಾವ ತೀರ್ಮಾನವನ್ನು ಯಾವ ಕಾರಣಕ್ಕೆ ತೆಗೆದುಕೊಂಡೆವು ಎಂಬ ವಿವರ ಇಲ್ಲಿದೆ. ಸಣ್ಣ ವ್ಯಾಪಾರಿಗಳು ಸರ್ವರ್ ಕೊಳ್ಳುವಾಗ ಪ್ರೊಸೆಸರ್, ಮೆಮೊರಿ, ಬೆಲೆ ಇವುಗಳನ್ನು ವಾರಗಟ್ಟಲೆ ವಿಚಾರಿಸುತ್ತಾರೆ. ಯಂತ್ರ ನಿಲ್ಲುವ ಕೋಣೆ, ಅದಕ್ಕೆ ಬರುವ ಕರೆಂಟು, ಅದರಿಂದ ಹೊರಡುವ ಕೇಬಲ್ ಇವುಗಳಿಗೆ ಒಂದು ಗಂಟೆಯನ್ನೂ ಕೊಡುವುದಿಲ್ಲ. ಈ ಮಂಡಿಯಲ್ಲಿ ಹಾನಿ ಬಂದದ್ದು ಆ ದಾರಿಯಿಂದಲೇ.

ಸ್ಥಳದಲ್ಲಿ ಕಂಡದ್ದು

ಮಂಡಿಗೆ ಎರಡು ಕಟ್ಟಡಗಳಿವೆ. ರಸ್ತೆಯ ಬದಿಗೆ ಹಂಚಿನ ಮಾಡಿನ ಹಳೆಯ ಕಚೇರಿ. ಅಂಗಳ ದಾಟಿದರೆ ಶೀಟು ಹೊದಿಸಿದ ಗೋದಾಮು. ರಾಶಿ, ಬೆಟ್ಟೆ, ಚಾಲಿ ಎಂಬ ಅಡಿಕೆ ಬಗೆಗಳ ಚೀಲಗಳನ್ನು ಇಳಿಸುವುದೂ ತೂಗುವುದೂ ಗೋದಾಮಿನಲ್ಲಿ, ಪಟ್ಟಿ ಬರೆದು ಹಣ ಕೊಡುವುದು ಕಚೇರಿಯಲ್ಲಿ. ತೂಕದ ಯಂತ್ರದ ಅಂಕಿ ನೇರವಾಗಿ ಪಟ್ಟಿಗೆ ಬರಲೆಂದು ಎರಡು ಕಟ್ಟಡಗಳ ನಡುವೆ ಕಂಪ್ಯೂಟರುಗಳನ್ನು ಜೋಡಿಸುವ ಲ್ಯಾನ್ ಕೇಬಲನ್ನು ಸುಮಾರು 60 ಮೀಟರ್ ಅಂಗಳದ ಮೇಲೆ ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿಗೆ ಕಟ್ಟಿ ಎಳೆದಿದ್ದರು. ತಾಮ್ರದ ಲ್ಯಾನ್ ಕೇಬಲಿಗೆ 100 ಮೀಟರ್‌ವರೆಗೆ ಅವಕಾಶವಿರುವುದರಿಂದ ಅದು ವರ್ಷಗಳ ಕಾಲ ಸರಿಯಾಗಿಯೇ ಕೆಲಸ ಮಾಡಿತ್ತು, ಯಾರಿಗೂ ಅನುಮಾನ ಬರಲು ಕಾರಣವಿರಲಿಲ್ಲ.

ಕೆಟ್ಟ ಸಾಮಾನುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ ಸರಿಯಿತ್ತು, ಅದರ ಫ್ಯೂಸ್ ಕೂಡ ಹೋಗಿರಲಿಲ್ಲ. ಆದರೆ ಮದರ್‌ಬೋರ್ಡಿನ ಲ್ಯಾನ್ ಪೋರ್ಟಿನ ಹಿಂದಿನ ಪುಟ್ಟ ಚಿಪ್ಪಿನ ನಡುಭಾಗ ಸುಟ್ಟು ಕಪ್ಪಾಗಿ ಮೇಲಕ್ಕೆ ಉಬ್ಬಿತ್ತು. ಲ್ಯಾನ್ ಕೇಬಲುಗಳೆಲ್ಲ ಕೂಡುವ ನೆಟ್‌ವರ್ಕ್ ಸ್ವಿಚ್ಚಿನಲ್ಲಿಯೂ ಅದೇ ಗುರುತು, ಗೋದಾಮಿನ ಕಂಪ್ಯೂಟರಿನಲ್ಲಿಯೂ ಅದೇ ಗುರುತು. ವಿದ್ಯುತ್ ಲೈನಿನಿಂದ ಸಿಡಿಲಿನ ಹೊಡೆತ ಬಂದಿದ್ದರೆ ಮೊದಲು ಸಾಯಬೇಕಾಗಿದ್ದದ್ದು ಪವರ್ ಸಪ್ಲೈಗಳು. ಅವು ಬದುಕಿ ಲ್ಯಾನ್ ಪೋರ್ಟುಗಳು ಸತ್ತಿದ್ದರಿಂದ, ಹೊಡೆತ ಅಂಗಳದ ಮೇಲಿನ ಕೇಬಲಿನಲ್ಲಿ ಬಂದಿತ್ತೆಂಬುದರಲ್ಲಿ ಸಂದೇಹ ಉಳಿಯಲಿಲ್ಲ. ಹಾರ್ಡ್‌ಡಿಸ್ಕ್ ಅದೃಷ್ಟಕ್ಕೆ ಚೆನ್ನಾಗಿತ್ತು. ಅದನ್ನು ಬೇರೆ ಯಂತ್ರಕ್ಕೆ ಜೋಡಿಸಿ, ಮೊದಲು ಇಡೀ ಡಿಸ್ಕಿನ ಪಡಿಯಚ್ಚು ತೆಗೆದುಕೊಂಡು, ಆ ಪಡಿಯಚ್ಚಿನಿಂದಲೇ ಟ್ಯಾಲಿ ಕಡತಗಳನ್ನು ಬಿಡಿಸಿಕೊಂಡೆವು. ಮೂಲ ಡಿಸ್ಕನ್ನು ಮತ್ತೆ ಮುಟ್ಟಲಿಲ್ಲ.

ಎರಡನೆಯ ದೋಷವನ್ನು ಹೇಳಿಕೊಟ್ಟವರು ಅಲ್ಲಿಯ ಹಿರಿಯ ಗುಮಾಸ್ತರು. “ಪೆಟ್ಟಿಗೆ ಮುಟ್ಟಿದ್ರೆ ಜುಂ ಅನ್ನುತ್ತೆ ಸಾರ್, ಅದಕ್ಕೇ ಕಾಲ ಕೆಳಗೆ ಗೋಣಿ ಹಾಕ್ಕೊಂಡಿದೀನಿ” ಎಂದರು. ಮೇಜಿನ ಕೆಳಗೆ ನಿಜವಾಗಿಯೂ ಎರಡು ಮಡಿಕೆ ಮಾಡಿದ ಗೋಣಿಚೀಲವಿತ್ತು. ಕಂಪ್ಯೂಟರನ್ನು ಚಾಲೂ ಇಟ್ಟುಕೊಂಡೇ ಪಕ್ಕದ ಸಾಕೆಟ್ಟಿಗೆ ಮಲ್ಟಿಮೀಟರ್ ಹಿಡಿದಾಗ ಕರೆಂಟು ತರುವ ಫೇಸ್ ಮತ್ತು ಅದು ಮರಳುವ ನ್ಯೂಟ್ರಲ್ ತಂತಿಗಳ ನಡುವೆ 224 ವೋಲ್ಟ್ ಬಂತು; ಫೇಸ್ ಮತ್ತು ನೆಲಕ್ಕೆ ಹೋಗುವ ಅರ್ಥ್ ತಂತಿಯ ನಡುವೆ ಅದರ ಅರ್ಧ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಉಳಿದರ್ಧ. ಅರ್ಥಿಂಗ್ ಸರಿಯಾಗಿರುವ ಕಡೆ ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಇರಬಾರದು. ಕಂಪ್ಯೂಟರ್ ಪವರ್ ಸಪ್ಲೈಯೊಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಪೆಟ್ಟಿಗೆಗೆ ಒಂದೊಂದು ಪುಟ್ಟ ಕೆಪ್ಯಾಸಿಟರ್ ಇರುತ್ತದೆ. ವಿದ್ಯುತ್ ಗದ್ದಲವನ್ನು ನೆಲಕ್ಕೆ ಇಳಿಸುವುದು ಅವುಗಳ ಕೆಲಸ. ನೆಲದ ಸಂಪರ್ಕವೇ ಇಲ್ಲದಿದ್ದಾಗ ಆ ಎರಡರ ನಡುವೆ ಸಿಕ್ಕ ಪೆಟ್ಟಿಗೆ ಅರ್ಧ ವೋಲ್ಟೇಜಿನಲ್ಲಿ ತೇಲುತ್ತದೆ, ಮುಟ್ಟಿದವರಿಗೆ ಜುಂ ಎನ್ನುತ್ತದೆ. ಹರಿಯುವ ಕರೆಂಟು ಬಹಳ ಕಡಿಮೆಯಾದ್ದರಿಂದ ಅದೊಂದರಿಂದಲೇ ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಅರ್ಥ್ ಕಡಿದುಹೋಗಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸೂಚನೆ ಬೇರೆ ಇಲ್ಲ, ಮತ್ತು ಅಂಥ ಜಾಗದಲ್ಲಿ ಮುಂದೊಂದು ದಿನ ಫೇಸ್ ತಂತಿ ಪೆಟ್ಟಿಗೆಗೆ ತಗುಲಿದರೆ ಗೋಣಿಚೀಲ ಯಾರನ್ನೂ ಕಾಯುವುದಿಲ್ಲ.

ಅಂಗಳದ ಮೂಲೆಯ ಅರ್ಥ್ ಗುಂಡಿಯ ಮುಚ್ಚಳ ತೆಗೆಸಿದೆವು. ಜಿಐ ಪೈಪು ನೆಲದಲ್ಲಿತ್ತು, ಆದರೆ ಅದಕ್ಕೆ ಬೋಲ್ಟು ಹಾಕಿ ಕಟ್ಟಿದ್ದ ಪಟ್ಟಿ ತುಕ್ಕು ತಿಂದು ಬೆರಳಿಗೆ ಪುಡಿಯಾಗಿ ಬಂತು. ಅದನ್ನು ಬಿಡಿಸಿ ಬರಿಯ ಪೈಪಿಗೇ ನೆಲದ ರೋಧ ಅಳೆಯುವ ಅರ್ಥ್ ಮೆಗ್ಗರ್ ಹಿಡಿದಾಗ 46 ಓಮ್ ತೋರಿಸಿತು. 230 ವೋಲ್ಟನ್ನು 46ರಿಂದ ಭಾಗಿಸಿದರೆ ಬರುವುದು 5 ಆಂಪಿಯರ್. ಎಂದರೆ ಪಟ್ಟಿಯನ್ನು ಹೊಸದಾಗಿ ಕಟ್ಟಿದ್ದರೂ, ಯಾವುದೋ ಯಂತ್ರದ ಪೆಟ್ಟಿಗೆಗೆ ಫೇಸ್ ತಗುಲಿದಾಗ 10 ಆಂಪಿಯರಿನ ಎಂಸಿಬಿ (ಕರೆಂಟು ಮಿತಿ ಮೀರಿದಾಗ ತಾನೇ ಆರುವ ಸ್ವಿಚ್ಚು) ಕೂಡ ಬೀಳುತ್ತಿರಲಿಲ್ಲ.

ನೆಲದೊಳಗಿನ ಕೆಲಸ

“ಹೇಗೂ ಒಳ್ಳೇ ಯುಪಿಎಸ್ ಹಾಕ್ತೀರಲ್ಲ, ಇನ್ನು ಅರ್ಥಿಂಗ್ ಯಾಕೆ?” ಎಂದು ಯಜಮಾನರು ಕೇಳಿದರು. ಇದು ಎಲ್ಲ ಕಡೆಯೂ ಕೇಳಿಬರುವ ಪ್ರಶ್ನೆ, ಕೇಳಬೇಕಾದ ಪ್ರಶ್ನೆಯೂ ಹೌದು. ಯುಪಿಎಸ್ ಕರೆಂಟನ್ನು ಹದ ಮಾಡಿ ಕೊಡುತ್ತದೆ, ಹೋದಾಗ ಕಾಯುತ್ತದೆ. ಆದರೆ ಅರ್ಥ್ ತಂತಿಯನ್ನು ಅದು ತನ್ನೊಳಗೆ ಹುಟ್ಟಿಸುವುದಿಲ್ಲ, ಗೋಡೆಯ ಸಾಕೆಟ್ಟಿನಲ್ಲಿ ಇರುವುದನ್ನೇ ಮುಂದಕ್ಕೆ ಕೊಡುತ್ತದೆ. ಸಾಕೆಟ್ಟಿನಲ್ಲಿ ಅರ್ಥ್ ಇಲ್ಲದಿದ್ದರೆ ಯುಪಿಎಸ್ಸಿನ ಆಚೆಯೂ ಇರುವುದಿಲ್ಲ.

ಮಲೆನಾಡಿನ ಜಂಬಿಟ್ಟಿಗೆ ನೆಲ ಅರ್ಥಿಂಗಿಗೆ ಕಷ್ಟದ ನೆಲ. ಮಳೆಗಾಲದಲ್ಲಿ ನೀರು ಕುಡಿದು ಚೆನ್ನಾಗಿ ಕಂಡರೂ ಬೇಸಿಗೆಯಲ್ಲಿ ಒಣಗಿದಾಗ ಅದರ ರೋಧ ವಿಪರೀತ ಏರುತ್ತದೆ; ಸಿಡಿಲು ಹೆಚ್ಚಾಗಿ ಬರುವುದೂ ಮುಂಗಾರಿಗೆ ಮುಂಚಿನ ಆ ಒಣ ದಿನಗಳಲ್ಲಿಯೇ. ಅರ್ಥಿಂಗ್ ಕುರಿತ ಭಾರತೀಯ ಮಾನಕವಾದ ಐಎಸ್ 3043 ಪೈಪ್ ಎಲೆಕ್ಟ್ರೋಡಿಗೆ ಕನಿಷ್ಠ 2.5 ಮೀಟರ್ ಉದ್ದ ಹೇಳುತ್ತದೆ. ಒಂದಕ್ಕಿಂತ ಹೆಚ್ಚು ಪೈಪು ಹಾಕುವುದಾದರೆ ಅವುಗಳ ನಡುವಿನ ಅಂತರ ಪೈಪಿನ ಉದ್ದದ ಎರಡರಷ್ಟಾದರೂ ಇರಬೇಕು, ಇಲ್ಲದಿದ್ದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಂಡು ಎರಡನೆಯದರ ಪ್ರಯೋಜನ ಸಿಗುವುದಿಲ್ಲ. ಕಚೇರಿಯ ಹಿಂಬದಿಯಲ್ಲಿ ಬಚ್ಚಲಿನ ನೀರು ಹರಿದು ಸದಾ ತಂಪಾಗಿರುವ ಜಾಗದಲ್ಲಿ ಒಂದನ್ನೂ, ಅಲ್ಲಿಂದ ಆರು ಮೀಟರ್ ದೂರದಲ್ಲಿ ಇನ್ನೊಂದನ್ನೂ ಹಾಕಿಸಿದೆವು. ಹಳೆಯ ಪದ್ಧತಿಯ ಉಪ್ಪು–ಇದ್ದಿಲಿನ ಬದಲು ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣಿನ ಮಿಶ್ರಣ ತುಂಬಿಸಿದೆವು. ಉಪ್ಪು ಮೊದಲ ವರ್ಷಗಳಲ್ಲಿ ಒಳ್ಳೆಯ ಅಳತೆ ಕೊಡುತ್ತದೆ, ಆಮೇಲೆ ಪೈಪನ್ನೇ ತಿನ್ನುತ್ತದೆ, ಮಳೆ ನೀರಿನಲ್ಲಿ ಕೊಚ್ಚಿಯೂ ಹೋಗುತ್ತದೆ. ಎರಡನ್ನೂ ಜೋಡಿಸಿದ ಮೇಲೆ ಅಳತೆ 6 ಓಮ್‌ಗೆ ಇಳಿಯಿತು.

ಇಲ್ಲಿ ಒಂದು ತಪ್ಪು ನಂಬಿಕೆಯ ಬಗ್ಗೆ ಬಿಡಿಸಿ ಹೇಳಬೇಕು. ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್, ಒಳ್ಳೆಯ ಕೈಯವರು, ಹೊಸ ಅರ್ಥನ್ನು “ಕಂಪ್ಯೂಟರಿಗೆ ಮಾತ್ರ” ಎಂದು ಪ್ರತ್ಯೇಕವಾಗಿ ಇಡೋಣ, ಕಟ್ಟಡದ ಉಳಿದ ಅರ್ಥಿಗೆ ಸೇರಿಸುವುದು ಬೇಡ ಎಂದರು. ಕಂಪ್ಯೂಟರಿನ ಅರ್ಥ್ ಬೇರೆಯೇ ಇರಬೇಕೆಂಬ ಮಾತು ನಮ್ಮ ಕಡೆ ಬಹಳ ಗಟ್ಟಿಯಾಗಿ ಬೇರೂರಿದೆ. ಆದರೆ ಒಂದೇ ಕಟ್ಟಡದಲ್ಲಿ ಎರಡು ಅರ್ಥ್‌ಗಳು ಒಂದಕ್ಕೊಂದು ಸೇರದೆ ಇದ್ದರೆ, ಸಿಡಿಲು ಹತ್ತಿರ ಬಿದ್ದ ಕ್ಷಣದಲ್ಲಿ ಅವೆರಡರ ನಡುವೆ ಸಾವಿರಾರು ವೋಲ್ಟಿನ ಅಂತರ ಏಳುತ್ತದೆ, ಮತ್ತು ಆ ಅಂತರ ತುಂಬಿಕೊಳ್ಳಲು ಸಿಗುವ ದಾರಿ ಎರಡನ್ನೂ ಮುಟ್ಟಿಕೊಂಡಿರುವ ಯಂತ್ರವೇ ಆಗಿರುತ್ತದೆ. ಎಷ್ಟು ಗುಂಡಿ ಬೇಕಾದರೂ ತೋಡಬಹುದು. ಒಂದು ಕಟ್ಟಡದ ಅರ್ಥ್‌ಗಳೆಲ್ಲ ಒಂದೇ ಕಡೆ ಕೂಡಬೇಕು. ಹಳೆಯ ಪೈಪು, ಹೊಸ ಪೈಪು, ಮುಖ್ಯ ಬೋರ್ಡಿನ ಅರ್ಥ್ ಪಟ್ಟಿ ಎಲ್ಲವನ್ನೂ ತಾಮ್ರದ ತಂತಿಯಿಂದ ಕೂಡಿಸಿದೆವು.

6 ಓಮ್ ಬಂದ ಮಾತ್ರಕ್ಕೆ ಎಂಸಿಬಿಯನ್ನು ನಂಬಿ ಕೂರುವ ಹಾಗಿರಲಿಲ್ಲ. 230ನ್ನು 6ರಿಂದ ಭಾಗಿಸಿದರೆ 38 ಆಂಪಿಯರ್. ಸಿ ವರ್ಗದ 16 ಆಂಪಿಯರಿನ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಬೇಕು. ಆದ್ದರಿಂದ ಮನುಷ್ಯರ ರಕ್ಷಣೆಗೆ 30 ಮಿಲಿಆಂಪಿಯರಿನಷ್ಟು ಕರೆಂಟು ಸೋರಿದರೂ ಲೈನನ್ನು ಕಡಿಯುವ ಆರ್‌ಸಿಸಿಬಿ ಕಡ್ಡಾಯವೆಂದು ತೀರ್ಮಾನಿಸಿದೆವು. ಸರ್ವರಿನ ಲೈನಿಗೆ ಒಂದು, ಉಳಿದ ಕಂಪ್ಯೂಟರುಗಳಿಗೆ ಒಂದು, ಅಡುಗೆಕೋಣೆ ಮತ್ತು ಪಂಪಿಗೆ ಒಂದು. ಒಂದೇ ಆರ್‌ಸಿಸಿಬಿಗೆ ಎಲ್ಲವನ್ನೂ ಕಟ್ಟಿದರೆ ಕಂಪ್ಯೂಟರುಗಳ ಸಣ್ಣ ಸಣ್ಣ ಸೋರಿಕೆಗಳೆಲ್ಲ ಸೇರಿ ಅದು ಕಾರಣವಿಲ್ಲದೆ ಬೀಳುತ್ತದೆ; ಪಂಪಿಗೆ ನೀರು ಹೊಕ್ಕರೂ ಸರ್ವರ್ ಕತ್ತಲಾಗುತ್ತದೆ. ಮುಖ್ಯ ಬೋರ್ಡಿನಲ್ಲಿ ಸರ್ಜನ್ನು, ಅಂದರೆ ಹಠಾತ್ತನೆ ನುಗ್ಗುವ ಹೆಚ್ಚಿನ ವೋಲ್ಟೇಜನ್ನು ತಡೆಯುವ ಎಸ್‌ಪಿಡಿಯನ್ನು ಕೂರಿಸುವಾಗ ಅದರ ಎರಡೂ ಕಡೆಯ ತಂತಿಗಳ ಒಟ್ಟು ಉದ್ದ ಅರ್ಧ ಮೀಟರ್ ಮೀರದಂತೆ ನೋಡಿಕೊಂಡೆವು. ಅಂದಕ್ಕಾಗಿ ಸುರುಳಿ ಸುತ್ತಿದ ಉದ್ದನೆಯ ತಂತಿ ಎಸ್‌ಪಿಡಿಯ ಉಪಯೋಗವನ್ನೇ ಕಳೆಯುತ್ತದೆ.

ಅಂಗಳ ದಾಟುವ ದಾರಿ

ಗೋದಾಮಿಗೂ ಕಚೇರಿಗೂ ಬೇರೆ ಬೇರೆ ಅರ್ಥ್ ಗುಂಡಿಗಳಿವೆ, 60 ಮೀಟರ್ ದೂರದಲ್ಲಿ. ಒಂದು ಸಾಮಾನ್ಯ ಸಿಡಿಲಿನಲ್ಲಿ 30,000 ಆಂಪಿಯರ್ ಮಟ್ಟದ ಕರೆಂಟು ಇರುತ್ತದೆ. ಅದು 10 ಓಮಿನ ನೆಲಕ್ಕೆ ಇಳಿದರೆ ಆ ಜಾಗದ ವೋಲ್ಟೇಜ್ ಕ್ಷಣಮಾತ್ರ ಮೂರು ಲಕ್ಷ ವೋಲ್ಟಿಗೆ ಏರುತ್ತದೆ. ಸಿಡಿಲು ನೇರವಾಗಿ ಮಂಡಿಗೇ ಬೀಳಬೇಕೆಂದಿಲ್ಲ. ಆಚೆಯ ತೋಟದ ಮರಕ್ಕೆ ಬಿದ್ದರೂ ಎರಡು ಕಟ್ಟಡಗಳ ನೆಲದ ನಡುವೆ ಏಳುವ ಅಂತರ ಒಂದು ಪುಟ್ಟ ಚಿಪ್ಪಿನ ಮಟ್ಟಿಗೆ ಬೆಟ್ಟದಷ್ಟು. ಲ್ಯಾನ್ ಪೋರ್ಟಿನಲ್ಲಿರುವ ಟ್ರಾನ್ಸ್‌ಫಾರ್ಮರ್ ತಡೆಯಬೇಕೆಂದು ಮಾನಕ ಹೇಳುವುದು 1,500 ವೋಲ್ಟ್ ಮಾತ್ರ. ಹಾಗಾಗಿ ಎರಡು ಕಟ್ಟಡಗಳ ನಡುವೆ ತಾಮ್ರದ ಲ್ಯಾನ್ ಕೇಬಲ್ ಎಳೆಯಬಾರದು ಎಂಬುದು ಮಲೆನಾಡಿನ ಮಟ್ಟಿಗೆ ನನ್ನ ಖಚಿತ ಅಭಿಪ್ರಾಯ. ಕೇಬಲಿಗೆ ಹಾಕುವ ಸರ್ಜ್ ಡಬ್ಬಿಗಳು ಸಿಗುತ್ತವೆ. ಅವು ಸ್ವಲ್ಪ ಮಟ್ಟಿಗೆ ಕೆಲಸವನ್ನೂ ಮಾಡುತ್ತವೆ. ಫೈಬರ್ ಕೇಬಲಿನ ಗಾಜಿನ ಎಳೆಯಲ್ಲಿ ಕರೆಂಟೇ ಹರಿಯದಿರುವಾಗ ಆ ಗೊಂದಲಕ್ಕೆ ಹೋಗುವುದೇಕೆ?

ಹಳೆಯ ಕೇಬಲನ್ನು ಕಿತ್ತು, ಅಂಗಳದಲ್ಲಿ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಹೂತು, ಅದರೊಳಗೆ ಫೈಬರ್ ಕೇಬಲ್ ಎಳೆಸಿದೆವು. ಫೈಬರ್ ಎಂದ ಕೂಡಲೇ ನಿಶ್ಚಿಂತರಾಗಬಾರದು. ಪೇಟೆಯಲ್ಲಿ ಸಿಗುವ ಅನೇಕ ಫೈಬರ್ ಕೇಬಲುಗಳಲ್ಲಿ ಎಳೆಯುವಾಗ ತಡೆದುಕೊಳ್ಳಲೆಂದು ಉಕ್ಕಿನ ತಂತಿ ಇರುತ್ತದೆ. ಅದು ಎರಡೂ ಕಟ್ಟಡಗಳೊಳಗೆ ಬಂದರೆ ತಾಮ್ರ ತೆಗೆದು ಉಕ್ಕು ಹಾಕಿದಂತಾಗುತ್ತದೆ. ಲೋಹವಿಲ್ಲದ, ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿಯ ಕೇಬಲನ್ನೇ ಕೇಳಿ ತರಿಸಿ, ತುದಿಯನ್ನು ಸೀಳಿ ನೋಡಿ, ಆಮೇಲೆ ಎಳೆಸಿದೆವು. ಇಂಟರ್ನೆಟ್ ಬರುವ ಫೈಬರಿನಲ್ಲಿ ಉಕ್ಕಿನ ತಂತಿ ಇತ್ತು. ಅದನ್ನು ಹೊರಗೋಡೆಯ ಕೊಕ್ಕೆಯಲ್ಲಿಯೇ ಕತ್ತರಿಸಿ ಬಿಟ್ಟು ಬರಿಯ ಎಳೆಯನ್ನು ಒಳಕ್ಕೆ ತಂದೆವು. ಎಲ್ಲರೂ ಮರೆತಿದ್ದದ್ದು ಇನ್ನೊಂದು ದಾರಿ: ಗೇಟಿನ ಕಂಬದ ಮೇಲಿನ ಸಿಸಿ ಕ್ಯಾಮೆರಾದ ಕೇಬಲ್ ಸೀದಾ ಕಚೇರಿಯ ಅದೇ ಸ್ವಿಚ್ಚಿಗೆ ಬರುತ್ತಿತ್ತು. ಗೇಟಿನ ಆ ಕಬ್ಬಿಣದ ಕಂಬದ ತುದಿಯಿಂದ ತಾಮ್ರದ ತಂತಿ ಸರ್ವರಿನ ಸ್ವಿಚ್ಚಿಗೇ ಬಂದರೆ ಉಳಿದ ಎಚ್ಚರವೆಲ್ಲ ವ್ಯರ್ಥ. ಕ್ಯಾಮೆರಾಗಳಿಗೆ ಗೋದಾಮಿನಲ್ಲಿಯೇ ಬೇರೆ ಸ್ವಿಚ್ಚು ಕೊಟ್ಟು, ಅದನ್ನೂ ಫೈಬರಿನ ಆಚೆಗೇ ಇರಿಸಿದೆವು.

ಕೋಣೆಯ ಆಯ್ಕೆ

ಸರ್ವರನ್ನು ತಿಜೋರಿಯ ಕೋಣೆಯಲ್ಲಿಡಬೇಕೆಂದು ಯಜಮಾನರ ಇಚ್ಛೆ. ಕಳ್ಳತನದ ದೃಷ್ಟಿಯಿಂದ ಅದು ಸರಿಯಾದ ಆಲೋಚನೆ. ಆದರೆ ಕಿಟಕಿಯಿಲ್ಲದ ಆ ಕೋಣೆಯ ಗೋಡೆ ಮಳೆಗಾಲದಲ್ಲಿ ಬೆವರುತ್ತದೆಂದು ಗುಮಾಸ್ತರು ಹೇಳಿದರು, ಸುಣ್ಣ ಉದುರಿದ ಗುರುತೂ ಇತ್ತು. ಸಾಮಾನ್ಯವಾಗಿ ಸಣ್ಣ ಸರ್ವರುಗಳಿಗೆ ತಯಾರಕರು ಹೇಳುವ ಮಿತಿ 10ರಿಂದ 35 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವ 80 ಪ್ರತಿಶತದೊಳಗೆ, ಎಲ್ಲಿಯೂ ಇಬ್ಬನಿ ಕಟ್ಟಬಾರದು. ಸಾಗರದ ಆಷಾಢದಲ್ಲಿ ಹೊರಗಿನ ತೇವ ದಿನವಿಡೀ ಅದಕ್ಕಿಂತ ಮೇಲಿರುತ್ತದೆ. ಹಾಗೆಂದು ಏಸಿ ಹಾಕಿ ಕೋಣೆಯನ್ನು ತಣ್ಣಗೆ ಮಾಡುವುದು ಇಲ್ಲಿ ಪರಿಹಾರವಲ್ಲ. ತಣ್ಣಗಾದ ಲೋಹಕ್ಕೆ ಬಾಗಿಲು ತೆರೆದಾಗ ಬರುವ ತೇವದ ಗಾಳಿ ತಗುಲಿದರೆ ನೀರು ಕಟ್ಟುತ್ತದೆ. ಸರ್ವರನ್ನು ಹಗಲಿರುಳು ಚಾಲೂ ಇಡುವುದೇ ಸುಲಭದ ಉಪಾಯ, ಏಕೆಂದರೆ ಅದರ ಸ್ವಂತ ಬಿಸಿ ಒಳಗಿನ ಗಾಳಿಯನ್ನು ಒಣಗಿಸಿಡುತ್ತದೆ. ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವ ಪದ್ಧತಿಯನ್ನು ಮೊದಲ ದಿನವೇ ಬಿಡಿಸಿದೆವು.

ಕೊನೆಗೆ ಒಪ್ಪಿಗೆಯಾದದ್ದು ಕಚೇರಿಯ ನಡುವಿನ ಹಳೆಯ ದಫ್ತರಿನ ಕೋಣೆ. ಹೊರಗೋಡೆ ಇಲ್ಲ, ಮೇಲೆ ಮರದ ಅಟ್ಟವಿರುವುದರಿಂದ ಮಾಡು ಸೋರಿದರೂ ನೀರು ನೇರವಾಗಿ ಬೀಳುವುದಿಲ್ಲ, ಬಾಗಿಲಿಗೆ ಬೀಗವಿದೆ. ನೆಲದಿಂದ ಒಂದಡಿ ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಯಂತ್ರ, ಹಿಂದೆ ಗಾಳಿ ಹೋಗಲು ಅಂಗೈ ಅಗಲಕ್ಕಿಂತ ಹೆಚ್ಚು ಜಾಗ. ಅಡಿಕೆ ಮತ್ತು ಗೋಣಿ ಇರುವ ಕಡೆ ಇಲಿ ತಪ್ಪಿದ್ದಲ್ಲ, ಕೇಬಲಿನ ಮೇಲ್ಪದರ ಅವಕ್ಕೆ ಬಹಳ ಇಷ್ಟ. ಎಲ್ಲ ಕೇಬಲುಗಳನ್ನೂ ಪೈಪಿನಲ್ಲಿ ಹಾಯಿಸಿ ತುದಿಗಳನ್ನು ಮುಚ್ಚಿದೆವು. ಯುಪಿಎಸ್ಸಿನ ಬೆಚ್ಚಗಿನ ಪೆಟ್ಟಿಗೆಯೊಳಗೆ ಹಲ್ಲಿ ಸೇರಿ ಬೋರ್ಡು ಸುಡುವುದು ಈ ಭಾಗದಲ್ಲಿ ದುರಸ್ತಿ ಮಾಡುವವರೆಲ್ಲರೂ ಕಂಡ ಸಂಗತಿಯಾದ್ದರಿಂದ, ಕೋಣೆಯ ಗಾಳಿಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿದೆವು.

ಯಂತ್ರ

ಒಂದೇ ಪ್ರೊಸೆಸರಿನ ಟವರ್ ಸರ್ವರ್ ಸಾಕಾಗಿತ್ತು. ಇಂಟೆಲ್ ಕ್ಸಿಯಾನ್ ಪ್ರೊಸೆಸರ್, 32 ಜಿಬಿ ಇಸಿಸಿ ಮೆಮೊರಿ, ಎರಡು ಪವರ್ ಸಪ್ಲೈ. ಇಸಿಸಿ ಮೆಮೊರಿ ಒಂದು ಬಿಟ್ಟಿನ ತಪ್ಪನ್ನು ತಾನೇ ತಿದ್ದುತ್ತದೆ, ಎರಡು ಬಿಟ್ಟಿನ ತಪ್ಪನ್ನು ಗುರುತಿಸಿ ತಿಳಿಸುತ್ತದೆ. ಬೆಳೆಗಾರರ ಹಣದ ಲೆಕ್ಕ ಇರುವ ಯಂತ್ರದಲ್ಲಿ ಇದಕ್ಕೆ ಕೊಡುವ ಹೆಚ್ಚಿನ ಬೆಲೆ ದುಬಾರಿಯಲ್ಲ. ಇಸಿಸಿಯಲ್ಲಿಯೂ ಎರಡು ಜಾತಿಗಳಿವೆ, ಯುಡಿಐಎಂಎಂ ಮತ್ತು ಆರ್‌ಡಿಐಎಂಎಂ. ಡಿಡಿಆರ್4 ಪೀಳಿಗೆಯ ಮೆಮೊರಿಯಲ್ಲಿ ಎರಡರ ಕಚ್ಚೂ ಒಂದೇ ಜಾಗದಲ್ಲಿರುವುದರಿಂದ ತಪ್ಪು ಜಾತಿಯದೂ ಸ್ಲಾಟಿನಲ್ಲಿ ಚೆನ್ನಾಗಿ ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಕೊಳ್ಳುವಾಗಲೇ ಚೀಟಿ ಓದಿ ನೋಡಬೇಕು.

ಲೆಕ್ಕದ ಕಡತಗಳಿಗೆ ಚಿಪ್ಪುಗಳಲ್ಲಿ ಬರೆದಿಡುವ ಎರಡು ಎಸ್‌ಎಸ್‌ಡಿ ಡಿಸ್ಕುಗಳನ್ನು ರೇಡ್ 1ರಲ್ಲಿ, ಅಂದರೆ ಒಂದರ ಪ್ರತಿ ಇನ್ನೊಂದರಲ್ಲಿ ಸದಾ ಇರುವಂತೆ ಕಟ್ಟಿದೆವು. ಕರೆಂಟು ಹಠಾತ್ತನೆ ಹೋದಾಗ ಬರೆಯುತ್ತಿದ್ದುದನ್ನು ಮುಗಿಸಲು ಒಳಗೇ ಕೆಪ್ಯಾಸಿಟರ್ ಇರುವ, ಸರ್ವರಿಗಾಗಿ ಮಾಡಿದ ಎಸ್‌ಎಸ್‌ಡಿಗಳನ್ನೇ ಆರಿಸಿದೆವು. ಬಿಲ್ಲುಗಳ ಸ್ಕ್ಯಾನ್ ಮತ್ತು ಒಳಗಿನ ಬ್ಯಾಕಪ್ಪಿಗೆ ಎರಡು 4 ಟಿಬಿ ಹಾರ್ಡ್‌ಡಿಸ್ಕ್. ಮಾಹಿತಿಯ ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ಡಿಸ್ಕುಗಳು, ಕೆಟ್ಟದ್ದರ ಜಾಗಕ್ಕೆ ಹೊಸ ಡಿಸ್ಕು ಹಾಕಿ ರೇಡ್ ಮರುಕಟ್ಟುವಾಗ, ವಿಪರೀತ ನಿಧಾನವಾಗುತ್ತವೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ರೆಡ್ ಸರಣಿಯ ಕೆಲವು ಡಿಸ್ಕುಗಳೂ ಈ ಬಗೆಯವೆಂದು ತಿಳಿದುಬಂದ ಮೇಲೆ, ಮಾದರಿ ಸಂಖ್ಯೆ ನೋಡದೆ ಡಿಸ್ಕು ತರಿಸುವುದನ್ನು ನಾವು ನಿಲ್ಲಿಸಿದ್ದೇವೆ.

ಮುಚ್ಚಳ ತೆರೆಯುವಾಗ

ಯಂತ್ರ ಬೆಂಗಳೂರಿನಿಂದ ವಾಹನದಲ್ಲಿ ಬಂತು. ಹಾರ್ಡ್‌ಡಿಸ್ಕುಗಳನ್ನು ಹೊರತೆಗೆದು, ಸ್ಪಂಜಿನ ಪೆಟ್ಟಿಗೆಯಲ್ಲಿ ಸೀಟಿನ ಮೇಲಿಟ್ಟು ತಂದಿದ್ದೆವು. ಬಂದ ಕೂಡಲೇ ಬಿಚ್ಚಿ ಹಚ್ಚಲಿಲ್ಲ. ಕೋಣೆಯ ಬಿಸಿಗೂ ತೇವಕ್ಕೂ ಹೊಂದಿಕೊಳ್ಳಲೆಂದು ಒಂದು ರಾತ್ರಿ ಪೆಟ್ಟಿಗೆಯಲ್ಲಿಯೇ ಬಿಟ್ಟೆವು.

ಒಳಗೆ ಕೈ ಹಾಕುವ ಮುನ್ನ ಎರಡೂ ಪವರ್ ಸಪ್ಲೈಗಳ ಪ್ಲಗ್ಗು ಕೀಳಬೇಕು. ಒಂದನ್ನು ಕಿತ್ತು ಇನ್ನೊಂದನ್ನು ಮರೆಯುವುದು ಜೋಡಿ ಪವರ್ ಸಪ್ಲೈ ಇರುವ ಯಂತ್ರದಲ್ಲಿ ಬಹಳ ಸುಲಭ. ಸ್ವಿಚ್ಚು ಆರಿಸಿದ್ದರೂ ಪ್ಲಗ್ಗು ಇರುವವರೆಗೆ ಬೋರ್ಡಿನಲ್ಲಿ ಸ್ಟ್ಯಾಂಡ್‌ಬೈ ಕರೆಂಟು ಇದ್ದೇ ಇರುತ್ತದೆ. ಕಿತ್ತ ಮೇಲೆ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಬೋರ್ಡಿನ ಪುಟ್ಟ ದೀಪ ಆರಿತೆಂದು ಕಣ್ಣಾರೆ ನೋಡಿಕೊಳ್ಳಬೇಕು. ಪವರ್ ಸಪ್ಲೈಯ ಪೆಟ್ಟಿಗೆಯನ್ನಂತೂ ಯಾವ ಕಾರಣಕ್ಕೂ ಬಿಚ್ಚಬಾರದು. ಅದರೊಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 400 ವೋಲ್ಟಿನ ಹತ್ತಿರದ ಡಿಸಿ ಇರುತ್ತದೆ, ಪ್ಲಗ್ಗು ಕಿತ್ತ ಮೇಲೂ ಸ್ವಲ್ಪ ಹೊತ್ತು ಅದು ಉಳಿದಿರಬಹುದು.

ನಮ್ಮ ಜೊತೆ ಕೆಲಸ ಕಲಿಯಲು ಬಂದ ಹುಡುಗ ಪಾಲಿಯೆಸ್ಟರ್ ಅಂಗಿ ಹಾಕಿದ್ದ. ಅವನ ಕೈಗೆ ಮೈಯ ಸ್ಥಿರ ವಿದ್ಯುತ್ತನ್ನು ನೆಲಕ್ಕಿಳಿಸುವ ರಿಸ್ಟ್ ಸ್ಟ್ರಾಪ್ ಕಟ್ಟಿ, ಅದರ ಕ್ಲಿಪ್ಪನ್ನು ಯಂತ್ರದ ಲೋಹದ ಚೌಕಟ್ಟಾದ ಚಾಸಿಯ ಬಣ್ಣವಿಲ್ಲದ ಭಾಗಕ್ಕೆ ಸಿಕ್ಕಿಸಿ, ಚಾಸಿಯಿಂದ ಅರ್ಥ್ ಪಟ್ಟಿಗೆ ಒಂದು ತಂತಿ ಜೋಡಿಸಿದೆವು. “ಅಣ್ಣಾ, ನಂಗೇನೂ ಶಾಕ್ ಹೊಡೀಲಿಲ್ವಲ್ಲ, ಇದೆಲ್ಲ ಬೇಕಾ?” ಎಂದ. ಸ್ಥಿರ ವಿದ್ಯುತ್ತು ಮನುಷ್ಯನ ಚರ್ಮಕ್ಕೆ ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಚಿಪ್ಪುಗಳಲ್ಲಿ ಕೆಲವು ನೂರು ವೋಲ್ಟಿಗೇ ಹಾಳಾಗುವಂಥವಿವೆ. ಹೊಡೆತ ಬಿದ್ದದ್ದು ನಮಗೆ ತಿಳಿಯುವುದೇ ಇಲ್ಲ, ತಿಂಗಳುಗಳ ಮೇಲೆ ಕಾರಣ ಗೊತ್ತಾಗದ ದೋಷವಾಗಿ ಕಾಣಿಸಿಕೊಳ್ಳುತ್ತದೆ. ಸ್ಟ್ರಾಪಿನೊಳಗೆ ಒಂದು ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಅಕಸ್ಮಾತ್ 230 ವೋಲ್ಟ್ ತಗುಲಿದರೂ ಸ್ಟ್ರಾಪಿನ ದಾರಿಯಲ್ಲಿ ಹರಿಯುವುದು 0.23 ಮಿಲಿಆಂಪಿಯರ್ ಮಾತ್ರ. ಅಂಗಡಿಯಲ್ಲಿ ಸಿಗಲಿಲ್ಲವೆಂದು ಬರಿಯ ತಂತಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಅರ್ಥಿಗೆ ಕಟ್ಟುವವರನ್ನು ಕಂಡಿದ್ದೇನೆ. ಅದು ತನ್ನನ್ನು ತಾನೇ ಕರೆಂಟಿನ ದಾರಿಯಲ್ಲಿ ಕಟ್ಟಿಹಾಕಿಕೊಳ್ಳುವ ಕೆಲಸ, ದಯವಿಟ್ಟು ಯಾರೂ ಮಾಡಬಾರದು. ಅರ್ಥ್ ಸಿಗಲಿ ಎಂದು ಪ್ಲಗ್ಗನ್ನು ಸಾಕೆಟ್ಟಿನಲ್ಲಿಯೇ ಬಿಟ್ಟು ಕೆಲಸ ಮಾಡುವ ಹಳೆಯ ರೂಢಿಯೂ ಅಷ್ಟೇ ಅಪಾಯದ್ದು.

ಮೆಮೊರಿಯನ್ನು ಎರಡು ತುದಿಗಳಲ್ಲಿ ಮಾತ್ರ ಹಿಡಿದು, ಕಚ್ಚು ನೋಡಿ, ಎರಡೂ ಹೆಬ್ಬೆರಳುಗಳಿಂದ ಸಮನಾಗಿ ಒತ್ತಿ, ಎರಡೂ ಕಡೆಯ ಕೊಂಡಿಗಳು ತಾವೇ ಮೇಲೆದ್ದು ಟಕ್ ಎಂದು ಕೂರುವವರೆಗೆ ಹುಡುಗನಿಂದಲೇ ಮಾಡಿಸಿದೆವು. ಪ್ರೊಸೆಸರಿನ ಮೇಲೆ ಗಾಳಿಯನ್ನು ಹಾಯಿಸುವ ಪ್ಲಾಸ್ಟಿಕ್ ಹೊದಿಕೆಯನ್ನು ಕಡೆಯಲ್ಲಿ ಮರಳಿ ಕೂರಿಸಿದೆವು. ನೋಡಲು ಬೇಡದ ತುಣುಕಿನಂತಿರುವ ಅದಿಲ್ಲದಿದ್ದರೆ ಗಾಳಿ ಬಿಸಿ ಇರುವಲ್ಲಿಗೆ ಹೋಗುವುದೇ ಇಲ್ಲ.

ಯುಪಿಎಸ್ ಮತ್ತು ಬ್ಯಾಟರಿ

ಮನೆಯ ಇನ್ವರ್ಟರ್ ಸರ್ವರಿಗೆ ಆಗದು. ಕರೆಂಟು ಹೋದಾಗ ಕ್ಷಣವೂ ಕಡಿಯದೆ ಕೊಡುವ 1 ಕೆವಿಎ ಆನ್‌ಲೈನ್ ಯುಪಿಎಸ್ ಹಾಕಿ, ಹೊರಗೆ 12 ವೋಲ್ಟ್, 42 ಆಂಪಿಯರ್‌ಗಂಟೆಯ ಮೂರು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದೆವು. ಕಾಗದದ ಮೇಲೆ ಅದು 1,512 ವಾಟ್‌ಗಂಟೆ. ಸರ್ವರ್, ಸ್ವಿಚ್ಚು, ಇಂಟರ್ನೆಟ್ ಪೆಟ್ಟಿಗೆ ಸೇರಿ 200 ವಾಟ್ ಎಂದಿಟ್ಟುಕೊಂಡರೆ ಏಳೂವರೆ ಗಂಟೆ. ಯುಪಿಎಸ್ಸಿನೊಳಗಿನ ನಷ್ಟ, ಬ್ಯಾಟರಿಯ ವಯಸ್ಸು ಕಳೆದರೆ ನಾಲ್ಕೈದು ಗಂಟೆಗಿಂತ ಹೆಚ್ಚು ನಂಬಬಾರದೆಂದು ಮೊದಲೇ ಹೇಳಿದೆವು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಯುಪಿಎಸ್ಸಿನ ಮುಖ್ಯ ಕೆಲಸ ಸರ್ವರನ್ನು ಕ್ರಮವಾಗಿ ಮುಚ್ಚುವುದು. ಅದರ ಯುಎಸ್‌ಬಿ ಕೇಬಲನ್ನು ಸರ್ವರಿಗೆ ಕೊಟ್ಟು, ಬ್ಯಾಟರಿ ಮೂರನೆಯ ಒಂದು ಭಾಗಕ್ಕಿಳಿದಾಗ ಸರ್ವರ್ ತಾನೇ ಮುಚ್ಚಿಕೊಳ್ಳುವಂತೆ ಹೊಂದಿಸಿದೆವು. ಆ ಕೇಬಲನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟ ಯುಪಿಎಸ್‌ಗಳನ್ನು ಎಷ್ಟೋ ಕಡೆ ನೋಡುತ್ತೇವೆ.

36 ವೋಲ್ಟಿನ ಶಾಕ್ ದೊಡ್ಡದಲ್ಲವೆಂದು ಬ್ಯಾಟರಿಯನ್ನು ಹಗುರವಾಗಿ ಕಾಣುವುದುಂಟು. ಅಪಾಯ ಇರುವುದು ಶಾರ್ಟ್ ಆದಾಗ ಹರಿಯುವ ನೂರಾರು ಆಂಪಿಯರಿನಲ್ಲಿ. ಸ್ಪ್ಯಾನರೊಂದು ಎರಡು ತುದಿಗಳಿಗೆ ಅಡ್ಡಬಿದ್ದರೆ ಅಲ್ಲಿಯೇ ಬೆಸುಗೆಯಾಗುತ್ತದೆ, ಬೆರಳಿನ ಉಂಗುರವಾದರೆ ಬೆರಳೇ ಹೋಗುತ್ತದೆ. ಉಂಗುರ, ಕೈಗಡಿಯಾರ ತೆಗೆದಿಟ್ಟು, ಹಿಡಿಗೆ ಟೇಪು ಸುತ್ತಿದ ಸ್ಪ್ಯಾನರಿನಿಂದ, ಕೊನೆಯ ಜೋಡಣೆಯನ್ನು ಬ್ರೇಕರ್ ಆಫ್ ಇಟ್ಟೇ ಮಾಡಿದೆವು. ಚಾರ್ಜು ಮಿತಿ ಮೀರಿದಾಗ ಹೈಡ್ರೋಜನ್ ಹೊರಬರುವುದರಿಂದ ಬ್ಯಾಟರಿಗಳನ್ನು ಮುಚ್ಚಿದ ಬೀರುವಿನಲ್ಲಿಡಲಿಲ್ಲ. ಹಳೆಯ ಬ್ಯಾಟರಿಗಳು ಗುಜರಿಗೆ ಹೋಗದೆ ಮಾರಾಟಗಾರರಿಗೇ ಮರಳಿದವು.

ಪರೀಕ್ಷೆ, ಬ್ಯಾಕಪ್

ವಾರದ ರಜೆಯ ದಿನ, ವ್ಯವಹಾರವಿಲ್ಲದಾಗ ಪರೀಕ್ಷೆ ನಡೆಸಿದೆವು. ಮೊದಲು ಗೋಡೆಯ ಸ್ವಿಚ್ಚು ಆರಿಸಿ, ಬ್ಯಾಟರಿ ಇಳಿಯುವವರೆಗೆ ಕಾದು, ಸರ್ವರ್ ತಾನೇ ಮುಚ್ಚಿಕೊಂಡಿತೆಂದು ಖಚಿತಪಡಿಸಿಕೊಂಡೆವು. ಆಮೇಲೆ ಚಾಲೂ ಇದ್ದಾಗಲೇ ಒಂದು ಪವರ್ ಸಪ್ಲೈಯ ಪ್ಲಗ್ಗು ಕಿತ್ತೆವು. ಒಂದು ಎಸ್‌ಎಸ್‌ಡಿಯನ್ನು ಹೊರಗೆಳೆದು ಮತ್ತೆ ಕೂರಿಸಿ, ರೇಡ್ ಮರುಕಟ್ಟುವವರೆಗೂ ನಿಂತು ನೋಡಿದೆವು. ಯಜಮಾನರು ಗಾಬರಿಯಾದರು. ಆದರೆ ಎಚ್ಚರಿಕೆಯ ದೀಪ ಯಾವುದು, ಅದರ ಸದ್ದು ಹೇಗಿರುತ್ತದೆ ಎಂಬುದನ್ನು ಗುಮಾಸ್ತರು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ್ದು ಆ ದಿನವೇ.

ರೇಡ್ ಬ್ಯಾಕಪ್ಪಲ್ಲ. ಯಾರಾದರೂ ಕಡತ ಅಳಿಸಿದರೆ ಅದು ಎರಡೂ ಡಿಸ್ಕುಗಳಲ್ಲಿ ಒಟ್ಟಿಗೇ ಅಳಿಯುತ್ತದೆ. ದಿನವೂ ರಾತ್ರಿ ಒಳಗಿನ ಡಿಸ್ಕಿಗೆ ಒಂದು ಪ್ರತಿ, ಅಲ್ಲದೆ ಪಾಸ್‌ವರ್ಡಿನಿಂದ ಗೂಢಲಿಪಿಗೊಳಿಸಿದ ಎರಡು ಹೊರಗಿನ ಡಿಸ್ಕುಗಳು: ಒಂದು ಕಚೇರಿಯಲ್ಲಿ, ಇನ್ನೊಂದು ಯಜಮಾನರ ತೋಟದ ಮನೆಯಲ್ಲಿ, ವಾರಕ್ಕೊಮ್ಮೆ ಅದಲುಬದಲು. ಬ್ಯಾಕಪ್ ಮುಗಿದ ಕೂಡಲೇ ಹೊರಗಿನ ಡಿಸ್ಕಿನ ಕೇಬಲ್ ಕೀಳಬೇಕೆಂಬುದು ಕಟ್ಟುನಿಟ್ಟಿನ ನಿಯಮ. ತಂತಿಗೆ ಅಂಟಿಕೊಂಡಿರದ ಡಿಸ್ಕನ್ನು ಸಿಡಿಲೂ ಮುಟ್ಟದು, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸೂ ಮುಟ್ಟದು. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಕಂಪನಿಗಳಾದರೆ 2022ರ ತಿದ್ದುಪಡಿಯ ನಂತರ ಭಾರತದಲ್ಲಿರುವ ಸರ್ವರಿಗೆ ಪ್ರತಿದಿನ ಬ್ಯಾಕಪ್ ಮಾಡುವುದೂ ಕಡ್ಡಾಯ. ಈ ಮಂಡಿ ಪಾಲುದಾರಿಕೆಯದಾದರೂ ಅದೇ ಶಿಸ್ತನ್ನು ಒಪ್ಪಿಕೊಂಡಿತು. ತೋಟದ ಮನೆಯ ಡಿಸ್ಕಿನಿಂದ ಒಂದು ಲ್ಯಾಪ್‌ಟಾಪಿಗೆ ಇಡೀ ಲೆಕ್ಕವನ್ನು ಮರಳಿ ತಂದು, ಟ್ಯಾಲಿ ತೆರೆದು, ಹಿಂದಿನ ದಿನದ ಬಾಕಿ ತಾಳೆಯಾದ ಮೇಲೆಯೇ ಕೆಲಸ ಒಪ್ಪಿಸಿದೆವು.

ಚಿತ್ತೆ ಮಳೆ

ಅಕ್ಟೋಬರಿನಲ್ಲಿ, ಚಿತ್ತೆ ಮಳೆಯ ಗುಡುಗಿನ ಸಂಜೆಯೊಂದರಲ್ಲಿ ಗೋದಾಮಿನ ಹಿಂದಿನ ಮರಕ್ಕೆ ಸಿಡಿಲು ಬಡಿಯಿತು. ಗೋದಾಮಿನ ಕಡೆಯ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಮತ್ತು ಒಂದು ಕ್ಯಾಮೆರಾ ಸುಟ್ಟವು. ಗೋದಾಮಿನ ಆರ್‌ಸಿಸಿಬಿ ಬಿದ್ದಿತ್ತು. ಕಚೇರಿಯಲ್ಲಿ ಏನೂ ಆಗಲಿಲ್ಲ. ಸರ್ವರಿನ ದಾಖಲೆಯಲ್ಲಿ ಆ ಸಂಜೆಯ ಬಗ್ಗೆ ಇದ್ದದ್ದು ಗೋದಾಮಿನ ಸಂಪರ್ಕ ಕಡಿದ ಹೊತ್ತು ಮತ್ತು ಮರುದಿನ ಹೊಸ ಅಡಾಪ್ಟರ್ ಹಾಕಿದ ಮೇಲೆ ಅದು ಮರಳಿದ ಹೊತ್ತು ಮಾತ್ರ.

ಬಾಕಿ ಉಳಿದಿರುವುದು ಗೋದಾಮಿನ ಅರ್ಥ್. ಅಲ್ಲಿ ಕೆಳಗೆ ಬಂಡೆ ಸಿಕ್ಕಿದ್ದರಿಂದ ಪೈಪು ಪೂರ್ತಿ ಇಳಿಯಲಿಲ್ಲ, ಅಳತೆ ಇನ್ನೂ 20 ಓಮಿನ ಆಸುಪಾಸಿನಲ್ಲಿದೆ. ಮಳೆ ಬಿದ್ದಾಗ ಅಳೆದರೆ ಸುಳ್ಳು ಸಮಾಧಾನ ಸಿಗುತ್ತದೆಂದು, ನೆಲ ಪೂರ್ತಿ ಒಣಗಿದ ಚೈತ್ರದಲ್ಲಿ ಮತ್ತೆ ಅಳೆದು, ಅಂಗಳದ ತಗ್ಗಿನಲ್ಲಿ ಅಡ್ಡಡ್ಡವಾಗಿ ಪಟ್ಟಿ ಹೂಳುವುದೆಂದು ನಿಶ್ಚಯವಾಗಿದೆ. ಅಲ್ಲಿಯವರೆಗೆ ಗೋದಾಮಿನಲ್ಲಿ ಗುಡುಗು ಕೇಳಿದೊಡನೆ ಪ್ಲಗ್ಗು ಕೀಳುವ ಜವಾಬ್ದಾರಿ ತೂಕದವರದು.